ಬಾಲ್ಯದ ತಪ್ಪಿಗೆ ಬಾಳೆಲ್ಲ ಶಿಕ್ಷೆಯೇ?

ಹದಿಮೂರರ ಹರೆಯದಲ್ಲಿ ನೀವು ಮಾಡಿದ ತಪ್ಪೊಂದನ್ನು ಇಂದು ಯಾರಾದರೂ ಊರವರ ಮುಂದೆ ಎತ್ತಿ ಆಡಿದರೆ ಹೇಗನಿಸೀತು? 'ಆಗ ನನಗೆ ತಿಳುವಳಿಕೆ ಇರಲಿಲ್ಲ' ಎನ್ನುತ್ತೀರಿ. ಅದು ಸುಳ್ಳಲ್ಲ. ಆದರೆ ಆ ತಪ್ಪಿನಿಂದ ನೊಂದವಳೂ ಅಲ್ಲೇ ನಿಂತಿದ್ದರೆ?

2020ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಮತದಾರರಿಗೆ ಈ ಪ್ರಶ್ನೆ ಎದುರಾಯಿತು. ಆರನ್ ಕೋಲ್‌ಮನ್ ಎಂಬ 19ರ ತರುಣ ರಾಜ್ಯ ಶಾಸನಸಭೆಗೆ ಸ್ಪರ್ಧಿಸಿ, ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲಿ ಹಾಲಿ ಶಾಸಕರನ್ನೇ 14 ಮತಗಳಿಂದ ಸೋಲಿಸಿದ. ಶಾಲಾ ದಿನಗಳಲ್ಲಿ ಹುಡುಗಿಯರನ್ನು ಪೀಡಿಸಿದ್ದನ್ನೂ, ಒಬ್ಬಳ ಖಾಸಗಿ ಚಿತ್ರವಿಟ್ಟುಕೊಂಡು ಬೆದರಿಸಿದ್ದನ್ನೂ ಆತ ಒಪ್ಪಿಕೊಂಡಿದ್ದ. ಆಗ ತಾನಿನ್ನೂ ಹುಡುಗ ಎಂಬುದು ಅವನ ಸಮಜಾಯಿಷಿ. ಕಣದಿಂದ ಸರಿಯುತ್ತೇನೆಂದವನು ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿದ, ನವೆಂಬರಿನಲ್ಲಿ ಗೆದ್ದೂಬಿಟ್ಟ. 2021ರಲ್ಲಿ ಕೌಟುಂಬಿಕ ಹಲ್ಲೆಯ ಆರೋಪದಲ್ಲಿ ಬಂಧಿತನಾದ. 2022ರಲ್ಲಿ ಪಕ್ಷದ ಮತದಾರರೇ ಅವನನ್ನು ಸೋಲಿಸಿದರು.

ಹಾಗಾದರೆ ಕೆಟ್ಟ ಹುಡುಗ ಎಂದೆಂದಿಗೂ ಕೆಟ್ಟವನೇ? ಖಂಡಿತ ಅಲ್ಲ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಹಾಗೆ ಭಾವಿಸುವುದಿಲ್ಲ. 18 ತುಂಬುವ ಮೊದಲು ಮಾಡಿದ ಅಪರಾಧದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದೆಂದು ಅದರ 24ನೇ ಕಲಮು ಹೇಳುತ್ತದೆ. 16 ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದವರಿಗೆ ಮಾತ್ರ ಈ ರಕ್ಷಣೆಯಿಲ್ಲ. ಇದು ನ್ಯಾಯವಾದ ಮಾತು. ಮರಳಿ ಬರುವ ದಾರಿಯನ್ನೇ ಮುಚ್ಚಿದರೆ ಮಗು ತಿದ್ದಿಕೊಳ್ಳುವುದಾದರೂ ಏಕೆ?

ಆದರೆ ಕಾನೂನು ಅಡ್ಡಿ ಮಾಡದ ಮಾತ್ರಕ್ಕೆ ಮತದಾರ ಕಣ್ಣು ಮುಚ್ಚಬೇಕೆಂದಿಲ್ಲ. ನಮ್ಮಲ್ಲಿ 21 ತುಂಬಿದರೆ ಗ್ರಾಮ ಪಂಚಾಯತಿಗೆ ಸ್ಪರ್ಧಿಸಬಹುದು. ಅಂಥ ಅಭ್ಯರ್ಥಿಗೆ ಬಾಲ್ಯ ಕಳೆದು ಮೂರೇ ವರ್ಷ. ಆಗ ನಾವು ನೋಡಬೇಕಾದುದು ತಪ್ಪನ್ನಲ್ಲ, ತಪ್ಪಿನ ನಂತರದ ನಡೆಯನ್ನು. ತಾನಾಗಿ ಒಪ್ಪಿಕೊಂಡನೇ, ಸಿಕ್ಕಿಬಿದ್ದ ಮೇಲೆ ಒಪ್ಪಿದನೇ? ನೊಂದವಳ ಕ್ಷಮೆ ಕೇಳಿದನೇ, ಮತದಾರರದ್ದು ಮಾತ್ರವೇ? ಬೆಳೆದ ಮೇಲೆ ಅದೇ ಚಾಳಿ ಉಳಿದಿದೆಯೇ? ಕ್ಷಮಿಸುವ ಹಕ್ಕು ಮೊದಲು ನೊಂದವಳದ್ದು. ಪಕ್ಷದ್ದೂ ಅಲ್ಲ, ನಮ್ಮದೂ ಅಲ್ಲ.

ಹಾಗೆಂದು ಚುನಾವಣೆ ಬಂದಾಗ ಎದುರಾಳಿಯ ಬಾಲ್ಯವನ್ನು ಕೆದಕಿ ಬೀದಿಗೆ ಹಾಕುವುದೂ ಸಲ್ಲದು. ಅದರಿಂದ ಅವನ ಮಾನದ ಜೊತೆ ಆ ಹುಡುಗಿಯ ಮಾನವೂ ಹೋಗುತ್ತದೆ.

ಕೊನೆಗೆ ಮಾತು ನಮ್ಮ ಮನೆಗೇ ಬರುತ್ತದೆ. ಮಗ ಪಕ್ಕದ ಮನೆಯ ಹುಡುಗಿಯನ್ನು ಅಳಿಸಿ ಬಂದಾಗ 'ಹುಡುಗರಲ್ಲವೇ, ಬಿಡಿ' ಎಂದು ನಾವೇ ಮುಚ್ಚಿ ಹಾಕುವುದಿಲ್ಲವೇ? ಅಂದೇ ಅವನ ಕೈ ಹಿಡಿದು ಅವಳ ಮನೆ ಬಾಗಿಲಿಗೆ ಕರೆದೊಯ್ದರೆ ಕ್ಷಮೆ ಕೇಳಲು ಕಲಿತಾನು. ಮುಂದೊಂದು ದಿನ ಅವನೇ ನಿಮ್ಮೂರಿನ ಅಭ್ಯರ್ಥಿಯಾದರೆ, ಆಕೆಯೂ ಅವನಿಗೆ ಮತ ಹಾಕಿಯಾಳು.