ಸುಣ್ಣದ ಗೋಡೆಯೂ ಇಂಗಾಲದ ಲೆಕ್ಕವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಈ ಶಾಲೆಯಲ್ಲಿ ಬಹುಕಾಲ ವಿಜ್ಞಾನ ಬೋಧಿಸಿದ ನನಗೆ ಮೊದಲು ನೆನಪಾದುದು ಹಳೆಯ ಕಟ್ಟಡದ ಸುಣ್ಣ ಬಳಿದ ಮುರಕಲ್ಲಿನ ಗೋಡೆ. ಅದರ ವಿಚಾರ ಹೇಳುವ ಮೊದಲು ಸಣ್ಣದೊಂದು ಆಕ್ಷೇಪವನ್ನು ಮುಂದಿಡುತ್ತೇನೆ. ಹಿರಿಯರೂ ಹಳೆಯ ವಿದ್ಯಾರ್ಥಿಗಳೂ ಅನ್ಯಥಾ ಭಾವಿಸಬಾರದು.

ಮಹೋತ್ಸವದ ಅಂಗವಾಗಿ ಶಾಲೆಯ ಆವರಣದಲ್ಲಿ ಐವತ್ತು ಸಸಿಗಳನ್ನು ನೆಡಲಾಯಿತು. ಬಹಳ ಸಂತೋಷ; ನೆರಳಿಗೂ ಹಕ್ಕಿಗಳಿಗೂ ಅವು ಬೇಕು. ಆದರೆ ಅಂದಿನ ಭಾಷಣಗಳಲ್ಲಿಯೂ ಅಲ್ಲಿ ನಿಲ್ಲಿಸಿದ ಫಲಕದಲ್ಲಿಯೂ, ನಾವು ಗಾಳಿಗೆ ಬಿಟ್ಟ ಇಂಗಾಲದ ಋಣವು ಈ ಸಸಿಗಳಿಂದ ಸಂದಾಯವಾಗುವುದೆಂಬ ಮಾತು ಬಂದಿದೆ. ಆ ಲೆಕ್ಕ ತಪ್ಪು. ತಪ್ಪು ಲೆಕ್ಕವನ್ನು ಮಕ್ಕಳೆದುರು ಬರೆದಿಡುವುದು ಶಾಲೆಗೆ ಶೋಭಿಸದು.

ಅಡಿಕೆ ತೋಟವಿರುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಎಲೆಯು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆದು ತನ್ನ ದೇಹವನ್ನು ಕಟ್ಟಿಕೊಳ್ಳುತ್ತದೆ. ಉದುರಿದ ಸೋಗೆಯನ್ನೂ ಬುಡಕ್ಕೆ ಹಾಕಿದ ಸೊಪ್ಪನ್ನೂ ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳು ತಿಂದು ಅದರ ಬಹುಪಾಲನ್ನು ಮತ್ತೆ ಗಾಳಿಗೆ ಉಸಿರುತ್ತವೆ. ನೆಲದ ಮೇಲಿನ ಸಸ್ಯರಾಶಿಯು ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಎಳೆದುಕೊಳ್ಳುತ್ತದೆ. ಹೆಚ್ಚುಕಡಿಮೆ ಅಷ್ಟೇ ಹಿಂದಿರುಗುತ್ತದೆ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಆರಂಭಿಸಿದ ಅಳತೆಯಲ್ಲಿ ಈ ಉಸಿರಾಟವು ಕಣ್ಣಿಗೇ ಕಾಣುತ್ತದೆ: ಉತ್ತರಾರ್ಧಗೋಳದ ಕಾಡುಗಳು ಚಿಗುರಿದಾಗ ಅಂಕಿ ಇಳಿಯುತ್ತದೆ, ಎಲೆ ಉದುರಿದಾಗ ಏರುತ್ತದೆ. ಇದು ಕೈಬದಲು ವ್ಯವಹಾರ. ಪಠ್ಯಪುಸ್ತಕದ ಚಿತ್ರದಲ್ಲಿ ಮರ, ಹಸು, ಬಾಣದ ಗುರುತುಗಳಾಗಿ ಎದ್ದು ಕಾಣುವುದೂ ಇದೇ.

ಚಿತ್ರದ ಅಂಚಿಗೆ ಸರಿದುಹೋಗಿರುವ ಭಾಗವೇ ಕಲ್ಲಿನದು. ಗೋಡೆಯ ವಿಚಾರ ಇಲ್ಲಿ ಬರುತ್ತದೆ.

ಮಳೆನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಬೇರುಗಳಿರುವ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗುತ್ತದೆ. ಆ ನೀರು ಯುಗಯುಗಾಂತರದಿಂದ ನಮ್ಮ ಶಿಲೆಗಳನ್ನು ಕರಗಿಸಿ, ಅವುಗಳಲ್ಲಿದ್ದ ಕ್ಯಾಲ್ಸಿಯಂ ಮುಂತಾದವನ್ನು ತೊಳೆದೊಯ್ದಿದೆ; ಕಬ್ಬಿಣ, ಅಲ್ಯುಮಿನಿಯಂ ಉಳಿದುಕೊಂಡ ಕೆಂಪು ಶೇಷವೇ ಮುರಕಲ್ಲು. ತೊಳೆದುಹೋದುದು ಬೈಕಾರ್ಬೊನೇಟಿನೊಡನೆ ಪಯಸ್ವಿನಿಯಲ್ಲಿ ಹರಿದು, ಚಂದ್ರಗಿರಿ ಎಂಬ ಹೆಸರು ಹೊತ್ತು, ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಚಿಪ್ಪಿನ ಜೀವಿಗಳು ಅಂತಹ ನೀರಿನಿಂದಲೇ ತಮ್ಮ ಕವಚವನ್ನು ಕಟ್ಟಿಕೊಳ್ಳುತ್ತವೆ. ಆಗ ಅರ್ಧದಷ್ಟು ಇಂಗಾಲ ಮರಳಿ ಬಿಡುಗಡೆಯಾಗುತ್ತದೆ, ಉಳಿದರ್ಧ ಕಲ್ಲಾಗುತ್ತದೆ. ಅದು ಜ್ವಾಲಾಮುಖಿಯ ಬಾಯಿಂದ ಗಾಳಿಗೆ ಮರಳಲು ಕೋಟ್ಯಂತರ ವರ್ಷ ಬೇಕು.

ನಮ್ಮ ಹಿರಿಯರು ಈ ದಾರಿಯನ್ನು ಮೊಟಕುಗೊಳಿಸಿದ್ದರು. ಚಿಪ್ಪನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ, ಅದು ಬರಿದೇ ಒಣಗುವುದೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. (ಗೂಡಿಗೆ ಒಟ್ಟಿದ ಸೌದೆಯ ಹೊಗೆ ಮಾತ್ರ ಗೋಡೆಗೆ ಮರಳುವುದಿಲ್ಲ.) ಹುಳಿಮಣ್ಣಿನ ತೋಟಕ್ಕೆ ಚಿಪ್ಪಿನ ಸುಣ್ಣ ಹಾಕುವಾಗಲೂ, ಮಳೆಯು ನೆಲದಿಂದ ಕಡಲಿಗೊಯ್ದ ಕ್ಯಾಲ್ಸಿಯಂನ್ನೇ ನಾವು ನೆಲಕ್ಕೆ ಮರಳಿಸುತ್ತಿರುತ್ತೇವೆ.

ಸುಣ್ಣದ ತಿಳಿನೀರಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟಿನಿಂದ ಊದುವ ಪ್ರಯೋಗವು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ನೀರು ಹಾಲಿನಂತೆ ಬೆಳ್ಳಗಾದೊಡನೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಊದುತ್ತಲೇ ಇದ್ದರೆ ಅದು ಮತ್ತೆ ತಿಳಿಯಾಗುತ್ತದೆ: ಕಲ್ಲಾದುದು ಕರಗಿ ಬೈಕಾರ್ಬೊನೇಟ್ ಆಯಿತು. ಒಂದು ಲೋಟದೊಳಗೆ ನದಿಯೂ ಚಿಪ್ಪೂ ಕಂಡಂತಾಯಿತು. ಮೊದಮೊದಲು ನಾನೂ ಅರ್ಧಕ್ಕೇ ನಿಲ್ಲಿಸುತ್ತಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು; ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಈಗ ಋಣದ ಮಾತು. ಕಲ್ಲಿದ್ದಲೂ ಪೆಟ್ರೋಲೂ ಗಾಳಿಯೊಡನೆ ವ್ಯವಹಾರ ನಿಲ್ಲಿಸಿ ಕೋಟ್ಯಂತರ ವರ್ಷ ಹೂತುಹೋಗಿದ್ದ ಇಂಗಾಲ. ಅದರಿಂದ ವರ್ಷಕ್ಕೆ ಸುಮಾರು 1,000 ಕೋಟಿ ಟನ್ನಿನಷ್ಟನ್ನು ಮನುಷ್ಯರು ಸುಟ್ಟು ಮೇಲೇರಿಸುತ್ತಿದ್ದಾರೆ. ಹೀಗೆ ಸೇರಿದುದರ ಅರ್ಧದಷ್ಟನ್ನು ಕಾಡುಗಳೂ ಕಡಲೂ ಹೀರುತ್ತಿವೆ. ಉಳಿದುದು ಗಾಳಿಯಲ್ಲೇ ಇದೆ. ಕಡಲು ಹೀರಿದುದು ಕಡಲಿನ ನೀರನ್ನೇ ಹುಳಿಯ ಕಡೆಗೆ ಸರಿಸಿ, ಚಿಪ್ಪು ಕಟ್ಟುವ ಜೀವಿಗಳ ಕೆಲಸವನ್ನು ಕಠಿಣಗೊಳಿಸುತ್ತದೆ. ಮಳೆ ಶಿಲೆಗಳನ್ನು ಕರಗಿಸಿ ಈ ಹೆಚ್ಚುವರಿಯನ್ನು ಪೂರ್ತಿಯಾಗಿ ಕಲ್ಲಾಗಿಸಲು ಲಕ್ಷಾಂತರ ವರ್ಷಗಳು ಬೇಕು. ಬೀಳುವ, ಕೊಳೆಯುವ, ಒಮ್ಮೊಮ್ಮೆ ಕಡಿಯಲ್ಪಡುವ ಮರವನ್ನು ಇಂತಹ ಸಾಲಕ್ಕೆ ಜಾಮೀನಾಗಿ ನಿಲ್ಲಿಸುವುದು ಮರಕ್ಕೂ ಅನ್ಯಾಯ. ಸುಡುವುದನ್ನು ತಗ್ಗಿಸದೆ ಸಸಿ ನೆಟ್ಟರೆ ಸಾಲ ತೀರದು ಎಂಬುದನ್ನು ಕನ್ನಡದಲ್ಲಿ, ನಮ್ಮ ಗೋಡೆಯನ್ನೂ ಹೊಳೆಯನ್ನೂ ತೋರಿಸಿ ಹೇಳಿದರೆ ಏಳನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ, ಹೇಳಿ ನೋಡಿದ್ದೇನೆ.

ಆದುದರಿಂದ ಆಡಳಿತ ಮಂಡಳಿಯಲ್ಲಿ ಒಂದು ವಿನಂತಿ. ಸಸಿಗಳು ಇರಲಿ, ಫಲಕವೂ ಇರಲಿ. ಋಣ ತೀರಿತೆಂಬ ಸಾಲನ್ನು ಮಾತ್ರ ಅಳಿಸಿ. ಅಲ್ಲಿ, ಮೌನಾ ಲೋವಾದ ಅಳತೆಯಂತೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟೆಂಬುದನ್ನು ಬರೆಸಿ: ಶಾಲೆಯ ಬಾಗಿಲು ತೆರೆದ 1975ರಲ್ಲಿ ಸುಮಾರು 331, 2024ರಲ್ಲಿ ಸುಮಾರು 424. ಕೆಳಗೆ ಸ್ವಲ್ಪ ಜಾಗ ಬಿಟ್ಟರೆ, ಮುಂದಿನ ಅಂಕಿಗಳನ್ನು ವರ್ಷಕ್ಕೊಮ್ಮೆ ಮಕ್ಕಳೇ ಬರೆದುಕೊಳ್ಳುವರು. ಬಣ್ಣದ ಖರ್ಚು ನನ್ನದಿರಲಿ.