ಸುದ್ದಿಯ ಹಾದಿ ಒಬ್ಬನ ಸೊತ್ತಾಗಬಹುದೇ?

“ಊರೆಲ್ಲ ಒಂದೇ ವಾಟ್ಸ್‌ಆ್ಯಪಿನಲ್ಲಿರುವಾಗ ಬೇರೆ ಸಂದೇಶಪದ್ಧತಿಗಳ ಪ್ರಯೋಗವೇಕೆ? ಅದು ಬಿಡುವಿದ್ದವರ ಚಪಲ” ಎಂದು ನಮ್ಮ ಕಡೆಯ ವಿದ್ಯಾವಂತರಲ್ಲಿ ಅನೇಕರು ಹೇಳುವುದುಂಟು. ಹೇಳುವವರು ತಿಳಿಗೇಡಿಗಳಲ್ಲ, ಆದುದರಿಂದಲೇ ಈ ಮಾತನ್ನು ಹಾಗೆಯೇ ಹೋಗಗೊಡುವುದು ನಮಗೆ ಸರಿತೋರಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬೆಳೆಗಾರನು ಉಂಡೆಕೊಬ್ಬರಿಯನ್ನು ಹೇಗೆ ಸಿದ್ಧಪಡಿಸುತ್ತಾನೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಕಾಯನ್ನು ಮಟ್ಟೆಸಹಿತ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಗಿಟುಕು ಅಲುಗಾಡುವವರೆಗೆ ತಿಂಗಳುಗಟ್ಟಲೆ ಕಾಯುತ್ತಾನೆ. ಇಷ್ಟು ಕಾದವನು ಮಾರುವ ಗಳಿಗೆಯಲ್ಲಿ ಯಾವುದನ್ನು ನೆಚ್ಚುತ್ತಾನೆ? ಯಾರೋ ಯಾರಿಗೋ ಕಳುಹಿಸಿ, ಮೂರು ನಾಲ್ಕು ಗುಂಪುಗಳನ್ನು ದಾಟಿ ಬಂದ ಒಂದು ಚಿತ್ರವನ್ನು. ಅದರಲ್ಲಿ ಧಾರಣೆಯಿದ್ದರೆ ತಾರೀಖಿರುವುದಿಲ್ಲ. ತಾರೀಖಿದ್ದರೆ ಮಾರುಕಟ್ಟೆಯ ಹೆಸರಿರುವುದಿಲ್ಲ. ಕೇಂದ್ರ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆಯನ್ನೇ ನೋಡಿರಿ. 2024ರ ಹಂಗಾಮಿಗೆ ಉಂಡೆಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ, ಎಣ್ಣೆಗೆ ಹೋಗುವ ಕೊಬ್ಬರಿಗೆ 11,160. 2025ಕ್ಕೆ ಕ್ರಮವಾಗಿ 12,100 ಮತ್ತು 11,582. “ಕೊಬ್ಬರಿ 11,582” ಎಂದಷ್ಟೇ ಬರೆದ ಸಂದೇಶವು ಸುಳ್ಳೇನೂ ಅಲ್ಲ. ಆದರೂ ಉಂಡೆಕೊಬ್ಬರಿಯವನನ್ನು ದಾರಿ ತಪ್ಪಿಸುವುದಕ್ಕೆ ಅಷ್ಟೇ ಸಾಕು.

ಇನ್ನು ಹಾದಿಯ ವಿಚಾರ. ಮೈಸೂರಿನ ಅಂಚೆಯು ಪ್ರತ್ಯೇಕವಾಗಿದ್ದು 1889ರಲ್ಲಿ ಭಾರತದ ಅಂಚೆಯೊಡನೆ ಸೇರಿತಷ್ಟೆ. 1874ರಲ್ಲಿ ಬರ್ನ್ ನಗರದಲ್ಲಿ ಆದ ಒಪ್ಪಂದದಿಂದ ದೇಶದೇಶಗಳ ಅಂಚೆಗಳು ಪರಸ್ಪರ ಕಾಗದಗಳನ್ನು ಕೈಯೆತ್ತಿಕೊಳ್ಳುವುದಕ್ಕೆ ಆರಂಭಿಸಿದವು. ಒಂದು ದೇಶದ ಚೀಟಿ ಅಂಟಿಸಿದ ಕಾಗದವನ್ನು ಮತ್ತೊಂದು ದೇಶದ ಪೇದೆಯು ಮನೆಗೆ ಮುಟ್ಟಿಸುವುದನ್ನು ಈಗ ಯಾರೂ ವಿಸ್ಮಯವೆಂದೆಣಿಸುವುದಿಲ್ಲ. ಇಮೇಲ್ ನಡೆಯುವುದೂ ಇದೇ ನ್ಯಾಯದಿಂದ. ಕ್ಷಣಸಂದೇಶಕ್ಕೂ ಇಂಥ ನ್ಯಾಯವಿರಬೇಕೆಂದು ಅಮೆರಿಕದ ಜೆರೆಮಿ ಮಿಲ್ಲರ್ ಎಂಬವರು 1999ರಲ್ಲಿ ಜಾಬರ್ ಎಂಬ ಪದ್ಧತಿಯನ್ನು ಲೋಕದ ಮುಂದಿಟ್ಟರು. 2004ರಲ್ಲಿ ಅದು ಎಕ್ಸ್‌ಎಂಪಿಪಿ ಎಂಬ ಹೆಸರಿನಿಂದ ಅಂತರ್ಜಾಲದ ಅಂಗೀಕೃತ ನಿಯಮವಾಯಿತು. ಯಾರು ಬೇಕಾದರೂ ತಮ್ಮದೇ ಸರ್ವರನ್ನು ಇಟ್ಟುಕೊಳ್ಳಬಹುದು. ಒಂದು ಸರ್ವರಿನವನು ಮತ್ತೊಂದರವನೊಡನೆ ಮಾತಾಡಬಹುದು.

ಇದಕ್ಕೆ ಆದ ಗತಿಯು ಬೋಧಪ್ರದವಾಗಿದೆ. ಗೂಗಲ್ ಸಂಸ್ಥೆಯು 2005ರಲ್ಲಿ ಈ ಪದ್ಧತಿಯ ಮೇಲೆಯೇ ಟಾಕ್ ಎಂಬ ಸೇವೆಯನ್ನು ಕಟ್ಟಿ, 2006ರಲ್ಲಿ ಹೊರಗಿನ ಸರ್ವರುಗಳಿಗೂ ಬಾಗಿಲು ತೆರೆಯಿತು. ಜನ ನೆರೆದ ಮೇಲೆ, 2013ರಲ್ಲಿ ಹ್ಯಾಂಗೌಟ್ಸ್ ಎಂಬುದನ್ನು ತಂದು ಬಾಗಿಲೆಳೆಯತೊಡಗಿತು. 2022ರಲ್ಲಿ ಟಾಕ್ ಇಲ್ಲವೇ ಆಯಿತು. ಅದಕ್ಕಿಂತ ಮುಂದೆ ಹ್ಯಾಂಗೌಟ್ಸ್ ಕೂಡ ಉಳಿಯಲಿಲ್ಲ. ವಾಟ್ಸ್‌ಆ್ಯಪ್ ಹುಟ್ಟಿದ್ದೂ ಎಕ್ಸ್‌ಎಂಪಿಪಿಯನ್ನು ತನಗೆ ಬೇಕಾದಂತೆ ತಿದ್ದಿಕೊಂಡು. ಹೊರಗಿನವರಿಗೆ ಮಾತ್ರ ಅದು ಬಾಗಿಲನ್ನೇ ಇಡಲಿಲ್ಲ. ಸಾರ್ವಜನಿಕರ ಕೆರೆಯಿಂದ ನೀರು ತಂದು ತನ್ನ ಹಿತ್ತಲಿನ ಬಾವಿಗೆ ಹೊಯ್ದುಕೊಂಡಂತೆ ಎನ್ನಬಹುದು. ಯುರೋಪು ಒಕ್ಕೂಟವು 2022ರಲ್ಲಿ ಕಾಯಿದೆ ಮಾಡಿ, ಇಂಥ ದೊಡ್ಡ ಸೇವೆಗಳು ಇತರರ ಸಂದೇಶವನ್ನೂ ಒಳಗೆ ಬಿಟ್ಟುಕೊಳ್ಳಬೇಕೆಂದು ವಿಧಿಸಿತು. ಆ ಕಾಯಿದೆಯ ನೆರಳು ನಮ್ಮ ತೋಟಗಳಿಗೆ ಬೀಳುವುದಿಲ್ಲ.

ಹಾದಿ ಬಿಡುಗಡೆಯಾದರೂ ಅದರಲ್ಲಿ ಹೋಗುವ ಸುದ್ದಿಗೆ ಗುರುತು ಬೇಕು. ಇದಕ್ಕಾಗಿ ವೆಬ್ಬಿನ ಕರ್ತರಾದ ಟಿಮ್ ಬರ್ನರ್ಸ್-ಲೀ ಅವರು 2006ರಲ್ಲಿ ‘ಹೆಣೆದ ದತ್ತಾಂಶ’ದ ಕ್ರಮವನ್ನು ಸೂಚಿಸಿದರು. ಪ್ರತಿಯೊಂದು ವಸ್ತುವಿಗೂ ಒಂದು ವೆಬ್ ವಿಳಾಸವನ್ನೇ ಹೆಸರಾಗಿ ಕೊಡುವುದು. ಆ ವಿಳಾಸವನ್ನು ತೆರೆದವನಿಗೆ ವಸ್ತುವಿನ ವಿವರ ದೊರೆಯುವಂತೆ ಮಾಡುವುದು. ಅಲ್ಲಿಂದ ಸಂಬಂಧಪಟ್ಟ ಇತರ ವಸ್ತುಗಳಿಗೆ ಕೊಂಡಿ ಹಾಕುವುದು. ನಮ್ಮ ಜಿಲ್ಲೆಯ ಹೆಸರನ್ನು 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ‘ತುಮ್ಕೂರ್’ ಎಂಬುದರಿಂದ ‘ತುಮಕೂರು’ ಎಂದು ತಿದ್ದಿದರು. ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಓದುವ ಯಂತ್ರಕ್ಕೆ ಇವು ಎರಡು ಜಿಲ್ಲೆಗಳು! ಹೆಸರಿಗೆ ಬದಲಾಗಿ ಗುರುತನ್ನು ಹಿಡಿದಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಕೇಂದ್ರದ ಆಗ್‌ಮಾರ್ಕ್‌ನೆಟ್, ರಾಜ್ಯದ ಕೃಷಿ ಮಾರಾಟ ವಾಹಿನಿ ಇವೆರಡೂ ಧಾರಣೆಗಳನ್ನು ಪ್ರಕಟಿಸುತ್ತ ಉಪಕಾರ ಮಾಡಿವೆ. ಒಂದರ ‘ಕೊಪ್ರಾ’ವೂ ಮತ್ತೊಂದರ ‘ಕೊಬ್ಬರಿ’ಯೂ ಒಂದೇ ಎಂದು ಮನುಷ್ಯನು ಅರಿತಾನು, ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು.

ನಾವು ಬೇಡುವ ಪ್ರಯೋಗವು ಇಷ್ಟೇ: ಮೂರು ತಾಲ್ಲೂಕುಗಳಲ್ಲಿ ಮೂರು ಚಿಕ್ಕ ಸರ್ವರುಗಳು. ಪ್ರೊಸೊಡಿ, ಈಜಾಬರ್ಡ್‌ಡಿ ಮೊದಲಾದ ತಂತ್ರಾಂಶಗಳು ಧರ್ಮಾರ್ಥವಾಗಿಯೇ ದೊರೆಯುತ್ತವೆ. ಚಂದಾದಾರರಾದವರಿಗೆಲ್ಲ ಒಮ್ಮೆಗೇ ಸುದ್ದಿ ಮುಟ್ಟಿಸುವ ಏರ್ಪಾಡು ಎಕ್ಸ್‌ಎಂಪಿಪಿಯಲ್ಲಿ ಮೊದಲೇ ಉಂಟು. ಹೋಗುವ ಪ್ರತಿಯೊಂದು ಧಾರಣೆಯೂ ತನ್ನೊಡನೆ ಸರಕಿನ ಗುರುತು, ಮಾರುಕಟ್ಟೆಯ ಗುರುತು, ತಾರೀಖು, ಮೂಲ ಇವನ್ನು ಹೊತ್ತಿರಲಿ. ಸಂದೇಹವುಳ್ಳವನು ಕೊಂಡಿಯನ್ನು ಹಿಡಿದು ಮೂಲವನ್ನು ಮುಟ್ಟಲಿ.

“ಇದು ಎಂಜಿನಿಯರುಗಳ ಕೆಲಸ, ಸಾಹಿತ್ಯಸಂಘಕ್ಕೇನು?” ಎಂದು ಕೇಳುವವರುಂಟು. ಹೆಸರಿಡುವುದು ಎಂದಿನಿಂದ ಎಂಜಿನಿಯರರ ಪಾಲಾಯಿತು? ಹೊಂಬಾಳೆ, ಕರಟ, ಮಟ್ಟೆ, ಗಿಟುಕು ಇವುಗಳ ಅರ್ಥಭೇದಗಳನ್ನು ಬಲ್ಲವರು ನಾವು. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ 2018ರಿಂದ ಶಬ್ದಗಳನ್ನೂ ಅವುಗಳ ರೂಪಗಳನ್ನೂ ಅರ್ಥಗಳನ್ನೂ ಸೇರಿಸಬಹುದಾಗಿದೆ. ನಿಘಂಟಿನ ಕೆಲಸಕ್ಕೆ ಹೆಗಲು ಕೊಡುವವರು ಇದಕ್ಕೆ ಬೆನ್ನು ತಿರುಗಿಸುವುದು ವಿಚಿತ್ರವಾಗಿ ಕಾಣುತ್ತದೆ.

ಒಂದು ಆಕ್ಷೇಪಣೆಯನ್ನು ಮಾತ್ರ ನಾವು ಗೌರವದಿಂದ ಒಪ್ಪುತ್ತೇವೆ: ಸರ್ವರನ್ನು ನೋಡಿಕೊಳ್ಳುವವರು ಯಾರು? ಕೆಟ್ಟರೆ ರಾತ್ರಿಯೆದ್ದು ಸರಿಪಡಿಸುವವರು ಬೇಕು. ಜನರ ಖಾಸಗಿ ಮಾತುಗಳು ಅಲ್ಲಿರುವುದರಿಂದ ನಂಬಿಕೆಯುಳ್ಳವರೂ ಆಗಿರಬೇಕು. ಸಂಘಗಳು ತಮ್ಮ ವಾಚನಾಲಯಕ್ಕೆ ಒಬ್ಬರನ್ನು ಸಂಬಳಕ್ಕಿಡುತ್ತವೆ. ಈ ಕೆಲಸಕ್ಕೂ ಒಬ್ಬರಿಗೆ ಅರ್ಧ ಹೊತ್ತಿನ ಸಂಬಳವನ್ನು ಕೊಟ್ಟು, ಒಂದು ಕೊಬ್ಬರಿಯ ಹಂಗಾಮು ಮುಗಿಯುವವರೆಗಾದರೂ ನಡೆಸಿ ನೋಡಲಿ. ಚಂದಾ ಎತ್ತಲು ಹೊರಟವರ ಪಟ್ಟಿಯಲ್ಲಿ ಆಕ್ಷೇಪಿಸಿದ ಮಹಾಶಯರ ಹೆಸರೂ ಇರಲೆಂದು ನಮ್ಮ ಬಿನ್ನಹ.