ಎಸ್ಟಿಮೇಟಿನಲ್ಲಿ ಬರೆಯದ ಸಾಮಾನು

ಮನೆ ಕಟ್ಟಲು ಹೊರಟವರು ಮೊದಲು ಮಾಡುವ ಕೆಲಸ ಎಸ್ಟಿಮೇಟು ಬರೆಸುವುದು. ಸಿಮೆಂಟು ಇಷ್ಟು ಚೀಲ, ಕಬ್ಬಿಣ ಇಷ್ಟು ಕ್ವಿಂಟಲ್, ಇಟ್ಟಿಗೆ ಇಷ್ಟು ಸಾವಿರ, ಉಸುಕು ಇಷ್ಟು ಟ್ರಿಪ್ಪು, ಗವಂಡಿಗಳ ಪಗಾರ ಇಷ್ಟು. ಬಾಗಿಲಿನ ಚಿಲಕದಿಂದ ಹಿಡಿದು ವಾಸ್ತುಶಾಂತಿಯ ದಿನದ ಹೋಳಿಗೆಯವರೆಗೆ ಎಲ್ಲದಕ್ಕೂ ಅದರಲ್ಲಿ ಜಾಗ ಇರುತ್ತದೆ. ಒಂದು ಸಾಮಾನು ಮಾತ್ರ ಯಾವ ಎಸ್ಟಿಮೇಟಿನಲ್ಲಿಯೂ ಇರುವುದಿಲ್ಲ. ಅದು ದಿನ. ಅಂಗಡಿಯಲ್ಲಿ ಸಿಗುವುದಿಲ್ಲ, ಉದ್ರಿ ಕೊಡುವವರೂ ಇಲ್ಲ. ಆದರೆ ಅದನ್ನು ಹಾಕದೆ ಕಟ್ಟಿದ ಮನೆ ಸಿಮೆಂಟು ಕಡಿಮೆ ಹಾಕಿ ಕಟ್ಟಿದ ಮನೆಯಷ್ಟೇ ದುರ್ಬಲ.

ಇದು ಬರೀ ನೀತಿಮಾತಲ್ಲ, ರಸಾಯನಶಾಸ್ತ್ರ. ಸಿಮೆಂಟು ಹೇಗೆ ಗಟ್ಟಿಯಾಗುತ್ತದೆ ಎಂದು ಪ್ರತಿ ವರ್ಷ ತರಗತಿಯಲ್ಲಿ ಕೇಳುತ್ತೇನೆ. 'ಒಣಗಿ ರೀ ಸರ' ಎಂಬ ಉತ್ತರ ತಪ್ಪದೆ ಬರುತ್ತದೆ. ತಿಕೋಟಾ ಕಡೆಯ ಹುಡುಗರಾದರೆ ಒಣದ್ರಾಕ್ಷಿಯ ಶೆಡ್ಡು ನೋಡಿಯೇ ಬೆಳೆದವರು. ನೆರಳಿನಲ್ಲಿ ಹರವಿದ ದ್ರಾಕ್ಷಿ ದಿನದಿನಕ್ಕೆ ನೀರು ಕಳೆದುಕೊಂಡು ಸುಕ್ಕಾಗುವುದನ್ನು ಕಂಡಿದ್ದಾರೆ. ಸಿಮೆಂಟೂ ಹಾಗೆಯೇ ಎಂದು ತಿಳಿಯುತ್ತಾರೆ. ನಿಜ ಸಂಗತಿ ಅದರ ತದ್ವಿರುದ್ಧ. ದ್ರಾಕ್ಷಿ ನೀರು ಬಿಟ್ಟು ಗಟ್ಟಿಯಾಗುತ್ತದೆ, ಸಿಮೆಂಟು ನೀರನ್ನು ಹಿಡಿದಿಟ್ಟುಕೊಂಡು ಗಟ್ಟಿಯಾಗುತ್ತದೆ. ಐವತ್ತು ಕೆ.ಜಿ.ಯ ಒಂದು ಚೀಲ ಸಿಮೆಂಟು ಸುಮಾರು ಹನ್ನೆರಡು ಲೀಟರು ನೀರನ್ನು ತನ್ನ ಮೈಯೊಳಗೇ ಸೇರಿಸಿಕೊಂಡು ಕಲ್ಲಾಗುತ್ತದೆ. ಆ ನೀರು ಮತ್ತೆ ಆವಿಯಾಗಿ ಹೋಗುವುದಿಲ್ಲ, ಕಲ್ಲಿನ ಭಾಗವೇ ಆಗಿಬಿಡುತ್ತದೆ.

ಸಿಮೆಂಟಿನಲ್ಲಿ ಮುಖ್ಯವಾಗಿ ಕೆಲಸ ಮಾಡುವ ಪದಾರ್ಥಗಳು ಎರಡು. ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಅಣ್ಣನಿದ್ದಂತೆ, ಬಿರುಸಿನವ. ಮೊದಲ ಕೆಲವು ವಾರದ ಬಲವೆಲ್ಲ ಬಹುತೇಕ ಅವನದೇ. ಡೈಕ್ಯಾಲ್ಸಿಯಂ ಸಿಲಿಕೇಟ್ ತಮ್ಮ, ನಿಧಾನಿ. ಅವನ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಏಳು ದಿನದಲ್ಲಿ ಬರುವ ಬಲ, 28 ದಿನದ ಬಲದ ಮೂರರಲ್ಲಿ ಎರಡು ಪಾಲು. ಈ ಇಬ್ಬರಿಗೂ ಬೇಕಾದದ್ದು ಒಂದೇ, ನೀರು. ನಡುವೆ ನೀರು ಹಾಕುವುದನ್ನು ನಿಲ್ಲಿಸಿದಿರೋ, ಇಬ್ಬರೂ ಅರ್ಧಕ್ಕೇ ಕೈಬಿಡುತ್ತಾರೆ. ಮುಂದೆ ನೀವು ಕೊಡ ಕೊಡ ನೀರು ಸುರಿದರೂ ಕಳೆದುಹೋದ ಬಲ ಪೂರ್ತಿಯಾಗಿ ತಿರುಗಿ ಬರುವುದಿಲ್ಲ. ಅದಕ್ಕೇ ಭಾರತೀಯ ಮಾನಕ ಸಂಹಿತೆಯಲ್ಲಿ ಕನಿಷ್ಠ ಏಳು ದಿನ ನೀರುಣಿಸಬೇಕೆಂದು ಇದೆ. ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ ಒಣಹವೆಯಲ್ಲಿ ಹದಿನಾಲ್ಕು ದಿನ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವುದು ಹೊಸದೇನಲ್ಲ. ಆ ಹದಿನಾಲ್ಕು ದಿನ ನಮಗಾಗಿಯೇ ಬರೆದಂತಿದೆ.

ಸಿಮೆಂಟಿನ ಮಾತು ಇಷ್ಟಾದರೆ, ಅದರ ಕೆಳಗಿನ ನೆಲದ ಮಾತು ಇನ್ನೊಂದು. ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಕರಿಕಲ್ಲಾಗಿ, ಆ ಕಲ್ಲು ಕಾಲಕಾಲಕ್ಕೆ ಸವೆದು ನಮ್ಮ ಎರಿಮಣ್ಣಾಯಿತು. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವಾಗ ಸಾರವಾಡದ ಹತ್ತಿರ ಡೋಣಿ ನದಿ ದಾಟುತ್ತೇವಲ್ಲ, ಆ ದಂಡೆಗುಂಟ ಇರುವ ಎರಿ ಜೋಳಕ್ಕೆ ಬಂಗಾರ. ಡೋಣಿ ಬೆಳೆದರೆ ಓಣೆಲ್ಲ ಕಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಬೆಳೆಗೆ ಬಂಗಾರವಾದ ಈ ಮಣ್ಣು ಮನೆಗೆ ವೈರಿ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಪುಸ್ತಕದ ಹಾಳೆಗಳಂತೆ ಪದರುಪದರಾಗಿರುತ್ತದೆ. ಮಳೆ ಬಂದರೆ ಪದರಿನ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಮೂರು ಫೂಟಿನ ಪಾಯಾ ಹಾಕಿದ ಮನೆ ವರ್ಷಕ್ಕೊಮ್ಮೆ ಏಳುತ್ತದೆ, ಒಮ್ಮೆ ಕೂಡುತ್ತದೆ. ಗೋಡೆ ಪಾಪ ಎಷ್ಟು ತಾಳೀತು?

ಈ ಸಿಮೆಂಟು, ಈ ನೆಲ ಎರಡರ ಜೊತೆಗೂ ಏಗಿದ ಒಂದು ಕುಟುಂಬವನ್ನು ನಾನು ಹತ್ತಿರದಿಂದ ಬಲ್ಲೆ. ಮನೆಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ, ವಾಯರಿಂಗ್ ಕೆಲಸ ಮಾಡುವವ. ಬಬಲೇಶ್ವರ ಕಡೆಯ ಹಳ್ಳಿಯಿಂದ ಬಂದು ವಿಜಯಪುರದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಅವ, ಹೊಲಿಗೆ ಮಾಡುವ ಹೆಂಡತಿ, ಸಣ್ಣ ಕೂಸು, ರೈತನಾದ ತಂದೆ ಮತ್ತು ಎಂಬತ್ತು ದಾಟಿದ ಅಜ್ಜಿ. 2017ರಲ್ಲಿ ಊರ ಹೊರಗಿನ ಮೂವತ್ತು ನಲವತ್ತರ ಪ್ಲಾಟಿನಲ್ಲಿ ಗುದ್ದಲಿ ಪೂಜೆ ಮಾಡಿದರು. ಕಾಂಟ್ರಾಕ್ಟರು ಮೂರು ಫೂಟು ಸಾಕೆಂದ. ತಂದೆ ತಗ್ಗಿನಲ್ಲಿ ಇಳಿದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, 'ತಮ್ಮಾ, ಇದು ಇನ್ನಾ ಎರಿ ಐತಿ. ಎರಿ ನಂಬಿ ಬಿತ್ತಬೇಕು, ಎರಿ ನಂಬಿ ಕಟ್ಟಬಾರದು. ಗರಸು ಹತ್ತೂತನ ಕಡಿಸು' ಎಂದ. ಗರಸು ಹತ್ತಿದ್ದು ಏಳು ಫೂಟಿಗೆ.

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರಿಭೂಮಿಗಾಗಿ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಪಾಯಾ ರೂಪಿಸಿದ್ದಾರೆ. ಅದರ ತತ್ವವೂ ಇಷ್ಟೇ: ಉಬ್ಬಿ ಕುಗ್ಗುವ ಪದರನ್ನು ದಾಟಿ, ಅಲುಗದ ನೆಲದಲ್ಲಿ ಕಾಲೂರು. ಶಾಲೆ ಕಂಡಿರದ ಆ ರೈತನ ಮುಷ್ಟಿಗೂ ಅದೇ ಗೊತ್ತಿತ್ತು.

ಆದರೆ ನಾಲ್ಕು ಫೂಟು ಹೆಚ್ಚು ಇಳಿದ ಪಾಯಾ ಗೋಡೆಗಳಿಗಿಟ್ಟ ದುಡ್ಡನ್ನು ನುಂಗಿತು. ಸಾಲಕ್ಕೆ ಅರ್ಜಿ ಹಾಕಿದರೆ ಪ್ಲಾಟಿನ ಒಂದು ಕಾಗದ ಒಂದು ಕಚೇರಿಯಲ್ಲಿ ಸಿಕ್ಕಿಬಿತ್ತು. ಇಂದು ಬಾ, ಸೋಮವಾರ ಬಾ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಹೀಗೆ ಹದಿನಾಲ್ಕು ತಿಂಗಳು. ನೆಲಮಟ್ಟಕ್ಕೆ ನಿಂತ ಕಟ್ಟೆಯ ಮೇಲೆ ಜಾಲಿ ಹುಟ್ಟಿತು. ಬಂಧುಗಳು 'ನಿಮ್ಮ ಮನೀ ಪಾತಾಳಕ್ಕ ಕಟ್ಟೀರೇನು' ಎಂದು ನಗಾಡಿದರು. ಅಜ್ಜಿ ಮಾತ್ರ ಪ್ರತಿ ಸೋಮವಾರ ಮೊಮ್ಮಗನ ಗಾಡಿಯ ಹಿಂದೆ ಕುಳಿತು ಬಂದು, ಜಾಲಿ ಕಿತ್ತು, ಕಟ್ಟೆ ಗುಡಿಸಿ, ದೇವರಮನೆ ಬರಬೇಕಾದ ಮೂಲೆಯಲ್ಲಿ ಒಂದು ಹಣತೆ ಹಚ್ಚಿಟ್ಟು ಹೋಗುತ್ತಿದ್ದಳು. ಗೋಡೆಯಿಲ್ಲದ, ಮಾಳಿಗೆಯಿಲ್ಲದ ಮನೆಗೆ ದೀಪ! ಗಾಳಿಗೆ ಅದು ಎಷ್ಟು ಹೊತ್ತು ಉರಿಯುತ್ತಿತ್ತೋ. ಆದರೆ ಮನೆ ಆಗುತ್ತದೆ ಎಂಬುದು ಆ ಕುಟುಂಬದವರಿಗೆ ವಾರಕ್ಕೊಮ್ಮೆ ನೆನಪಾಗುತ್ತಿತ್ತು. ಇದರ ನಡುವೆ ಮಳೆಗಾಲವೂ ಬಂದು ಹೋಗಿ, ಪಾಯಾದೊಳಗೆ ತುಂಬಿದ ಗರಸು ನೆನೆದು, ಕುಸಿದು, ಗಟ್ಟಿಯಾಗಿ ಕೂತಿತು. ಪಾಯಾ ಒಂದು ಮಳೆಗಾಲ ಉಣ್ಣಲಿ ಎಂದು ಹಿಂದಿನವರು ಬೇಕೆಂದೇ ಬಿಡುತ್ತಿದ್ದುದು ಇದಕ್ಕೇ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಕಾಯುವುದು ಬೇರೆ, ಕಾಯಿಸುವುದು ಬೇರೆ. ಮಣ್ಣು ಕೂಡಲಿ ಎಂದು ಕಾಯುವುದರಿಂದ ಮನೆಗೆ ಬಲ ಬರುತ್ತದೆ. ಕಡತ ಏಳಲಿ ಎಂದು ಕಾಯುವುದರಿಂದ ಯಾವ ಗೋಡೆಗೂ ಬಲ ಬರುವುದಿಲ್ಲ. ಬಡವರ ತಾಳ್ಮೆಯನ್ನು ಹೊಗಳುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತಾರೆ. ಕೃಷ್ಣೆಯ ದಂಡೆಯವರನ್ನು ಕೇಳಿ. ಆಲಮಟ್ಟಿ ಅಣೆಕಟ್ಟಿಗೆ ಲಾಲ್‌ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಮುಳುಗುವ ಊರು ಎಂದು ಹೆಸರು ಬಿದ್ದ ಮೇಲೆ ಹಳೆಯ ಮನೆಗೆ ಹೊಸ ಹಂಚು ಹೊದಿಸುವುದೂ ವ್ಯರ್ಥ ಎನಿಸುತ್ತದೆ, ಹೊಸ ಮನೆ ಎಲ್ಲಿ ಎಂಬುದೂ ತಿಳಿಯುವುದಿಲ್ಲ. ಬಾಗಲಕೋಟೆಯ ಅರ್ಧ ಊರು ನವನಗರಕ್ಕೆ ಎದ್ದು ಹೋಗಬೇಕಾಯಿತು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದ ಮೇಲೆ ಇನ್ನಷ್ಟು ಊರುಗಳಿಗೆ ಅದೇ ತೂಗುಯ್ಯಾಲೆ. ಇವರ ತಾಳ್ಮೆ ದೊಡ್ಡದು, ನಿಜ. ಆದರೆ ಅದು ಅವರು ಕೊಟ್ಟದ್ದಲ್ಲ, ಅವರಿಂದ ಕಿತ್ತುಕೊಂಡದ್ದು. ಕಾಗದ ಮುಂದೆ ಸರಿಸುವ ಕೈಗಳು ಇದನ್ನು ನೆನಪಿಡಬೇಕು: ಎಂಬತ್ತು ವರ್ಷದ ಮುದುಕಿಗೆ ಹದಿನಾಲ್ಕು ತಿಂಗಳು ಎಂದರೆ ಸಣ್ಣ ಲೆಕ್ಕವಲ್ಲ.

ದಿನ ಎಲ್ಲರಿಗೂ ಬೇಕಾದಷ್ಟು ಸಿಗುವುದಿಲ್ಲ, ಅರಸರಿಗೂ ಕೂಡ. ಮಹಮ್ಮದ್ ಆದಿಲ್‌ಶಾಹ 1627ರಿಂದ 1656ರವರೆಗೆ ಆಳಿದ. ಅವನ ಗೋಳಗುಮ್ಮಟದ ಪಾಯಾ ಬಂಡೆಯ ಮೇಲೆ ನಿಂತಿದೆ. ಹೊರಗಿನಿಂದ 144 ಫೂಟು ಅಗಲದ ಗುಮ್ಮಟ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯದು. ಸುಣ್ಣ ಸಿಮೆಂಟಿಗಿಂತಲೂ ನಿಧಾನಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಇಷ್ಟಿಷ್ಟೇ ಹೀರಿ, ಹೊರಗಿನಿಂದ ಒಳಗೊಳಗೆ, ವರ್ಷಾನುಗಟ್ಟಲೆ ಕಲ್ಲಾಗುತ್ತ ಹೋಗುತ್ತದೆ. ಆ ತಂದೆಗೆ ದಿನಗಳು ಸಿಕ್ಕವು. ಮಗ ಎರಡನೆಯ ಅಲಿ ಆದಿಲ್‌ಶಾಹ ಅದಕ್ಕೂ ಮಿಗಿಲಾದದ್ದನ್ನು ಕಟ್ಟಲು ತೊಡಗಿ 1672ರಲ್ಲಿ ತೀರಿಕೊಂಡ. ಮಾಳಿಗೆ ಇಲ್ಲದ ಬಾರಾ ಕಮಾನಿನ ಕಲ್ಲುಗಳು ಇಂದಿಗೂ ಆಕಾಶ ನೋಡುತ್ತ ನಿಂತಿವೆ. 1686ರಲ್ಲಿ ರಾಜ್ಯವೇ ಔರಂಗಜೇಬನ ಪಾಲಾಯಿತು. ನಮ್ಮ ಕೈಯಲ್ಲಿರುವುದು ಆಯಾ ದಿನದ ಕೆಲಸವನ್ನು ಆಯಾ ದಿನ ನೆಟ್ಟಗೆ ಮಾಡುವುದಷ್ಟೇ.

ಈ ದಿನಗಳ ಲೆಕ್ಕ ನನ್ನ ವಿದ್ಯಾರ್ಥಿಯ ಮನೆಯಲ್ಲಿಯೂ ಒಂದು ದಿನ ಎದುರಿಗೆ ಬಂದು ನಿಂತಿತು. ಸಾಲ ಬಂದು, ಗೋಡೆ ಎದ್ದು, 2019ರ ಏಪ್ರಿಲ್ ಕೊನೆಗೆ ಸ್ಲ್ಯಾಬು ಬಿತ್ತು. ಬೋರಿನ ನೀರು ಸವಳು. ಸವಳು ನೀರಿನ ಕ್ಲೋರೈಡು ಒಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ ಎಂದು ಕಲಸುವುದಕ್ಕೂ ಉಣಿಸುವುದಕ್ಕೂ ಸಿಹಿನೀರಿನ ಟ್ಯಾಂಕರು ತರಿಸಿದರು. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಒಡ್ಡು ಹಾಕಿ ನೀರು ನಿಲ್ಲಿಸಿದರು. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಸ್ಲ್ಯಾಬು ಬಿದ್ದ ಒಂಬತ್ತನೆಯ ದಿನಕ್ಕೆ ಅಕ್ಷಯ ತೃತೀಯಾ. ಮುದುಕಿಯ ಕಣ್ಣೆದುರಿಗೆ ಹಾಲು ಉಕ್ಕಲಿ, ಪೂಜೆಯ ಮಟ್ಟಿಗೆ ನಡುಮನೆಯ ಸೆಂಟ್ರಿಂಗ್ ಬಿಚ್ಚಿಸೋಣ ಎಂದು ಬಂಧುಗಳು ಪಟ್ಟು ಹಿಡಿದರು. ಅವರ ಮಾತಿನಲ್ಲಿ ಕೆಟ್ಟದ್ದೇನಿರಲಿಲ್ಲ, ಪ್ರೀತಿಯೇ ಇತ್ತು. ಹುಡುಗ ನನ್ನ ಬಳಿ ಬಂದ. ನಡುಮನೆಯ ಸಣ್ಣ ಬದಿಯೇ ಹದಿನಾರು ಫೂಟು. ನಾಲ್ಕೂವರೆ ಮೀಟರು, ಅಂದರೆ ಹದಿನೈದು ಫೂಟು, ದಾಟಿದ ಸ್ಲ್ಯಾಬಿನ ಆಸರೆ ಹದಿನಾಲ್ಕು ದಿನ ತೆಗೆಯುವಂತಿಲ್ಲ ಎಂದು ಸಂಹಿತೆ ತೆರೆದು ತೋರಿಸಿದೆ. 'ಅದು ನನಗೂ ಗೊತ್ತೈತಿ ಸರ. ಆದರ ಆಯಿಗೆ ಹೆಂಗ ಹೇಳಲಿ?' ಎಂದ. ಅದಕ್ಕೆ ಯಾವ ಸಂಹಿತೆಯಲ್ಲಿಯೂ ಉತ್ತರವಿಲ್ಲ.

ಉತ್ತರ ಕೊಟ್ಟವಳು ಅಜ್ಜಿಯೇ. ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡು ಅಂದಳಂತೆ: 'ನಾ ನೋಡೂದು ದೊಡ್ಡ ಮಾತಲ್ಲೋ. ಆ ಮಾಳಗಿ ಕೆಳಗ ಕೂಸು ಮಲಗತೈತಿ. ದೇವರು ಬರೇ ಪಂಚಾಂಗದಾಗ ಇರ್ತಾನೇನು? ನೀರು ಹಾಕ್ರಿ, ನಾ ಕಾಯತೀನಿ.'

ನಂಬಿಗೆ ಎಂಬ ಶಬ್ದಕ್ಕೆ ನಾನು ಕಂಡ ಅರ್ಥ ಇದು. ಎಲ್ಲ ತಾನಾಗಿಯೇ ಸರಿಯಾಗುತ್ತದೆ ಎಂದು ಕೈಕಟ್ಟಿ ಕೂಡುವುದು ನಂಬಿಗೆಯಲ್ಲ. ಫಲ ತನ್ನ ಕಣ್ಣಿಗೆ ಬೀಳದಿದ್ದರೂ ಕೆಲಸ ಕೆಡಬಾರದು ಎನ್ನುವುದು ನಂಬಿಗೆ.

ಹದಿನಾಲ್ಕರ ಬದಲು ಇಪ್ಪತ್ತೊಂದು ದಿನ ನೀರು ನಿಲ್ಲಿಸಿದರು. ಅಜ್ಜಿ ಚೇತರಿಸಿಕೊಂಡಳು. ಶ್ರಾವಣದಲ್ಲಿ ಗೃಹಪ್ರವೇಶವಾಯಿತು, ಹಾಲು ಉಕ್ಕಿಸಿದ್ದು ಅವಳೇ. ಆ ಮನೆಯಲ್ಲಿ ಒಂದೂವರೆ ವರ್ಷ ಇದ್ದು ತೀರಿಕೊಂಡಳು. 2022ರ ಜುಲೈನಲ್ಲಿ ವಿಜಯಪುರದ ಸುತ್ತ ಭೂಮಿ ನಡುಗಿ ಜನ ಓಣಿಗೆ ಓಡಿ ಬಂದರಲ್ಲ, ಅಂದು ಆ ಹುಡುಗ ಬ್ಯಾಟರಿ ಹಿಡಿದು ಮೂಲೆಮೂಲೆ ನೋಡಿದನಂತೆ. ಬಿರುಕು ಕಾಣಲಿಲ್ಲ. ಅದೇನು ದೊಡ್ಡ ಭೂಕಂಪವಲ್ಲ, ಅದರಿಂದ ಮನೆಯ ಪರೀಕ್ಷೆ ಆಯಿತೆಂದು ವಿಜ್ಞಾನದ ಮಾಸ್ತರನಾಗಿ ನಾನು ಹೇಳಲಾರೆ. ಆದರೆ ಆ ರಾತ್ರಿ ಅವರು ಮನೆಯೊಳಗೇ ನಿಶ್ಚಿಂತೆಯಿಂದ ಮಲಗಿದರು ಎಂಬುದನ್ನು ಹೇಳಬಲ್ಲೆ.

ಈ ವರ್ಷ ಮನೆ ಕಟ್ಟುವವರಿದ್ದೀರಾ? ಪಾಯಾ ತೆಗೆಯುವ ಮುನ್ನ ನೆಲ ಬಲ್ಲ ಹಿರಿಯರೊಬ್ಬರನ್ನೂ ಎಂಜಿನಿಯರರನ್ನೂ ಒಟ್ಟಿಗೆ ಕರೆದು ತೋರಿಸಿ. ಕುಡಿಯಲು ಬಾರದ ನೀರನ್ನು ಕಾಂಕ್ರೀಟಿಗೆ ಹಾಕಬೇಡಿ. ಮುಹೂರ್ತ ಕೇಳುವಾಗ ಸ್ಲ್ಯಾಬು ಬೀಳುವ ತಾರೀಖನ್ನು ಮೊದಲು ಹೇಳಿ, ಆಮೇಲೆ ಪಂಚಾಂಗ ತೆರೆಸಿ. ಎಸ್ಟಿಮೇಟಿನ ಕೊನೆಗೆ ನಿಮ್ಮ ಕೈಯಾರೆ ಒಂದು ಸಾಲು ಬರೆದುಕೊಳ್ಳಿ: ದಿನಗಳು, ಇಷ್ಟು. ಉಳಿದ ಸಾಮಾನು ಕಡಿಮೆ ಬಿದ್ದರೆ ಸಾಲ ತಂದಾದರೂ ತುಂಬಬಹುದು. ಇದನ್ನು ಮನೆಮಂದಿಯೇ ಸೇರಿ ಹಾಕಬೇಕು.